ನೆಲ ಬಡಿದು ನೋಡುವ ಗೀತಾಂಜಲಿ

ಗೀತಾಂಜಲಿಯನ್ನು ತಕ್ಕಡಿಗೆ ಹಾಕಿದರೆ ಒಂದು ಸಿಮೆಂಟ್ ಚೀಲಕ್ಕಿಂತ ತುಸು ಕಡಿಮೆಯೇ ತೂಗಿಯಾಳು. ಮಾತು ಮಾತ್ರ ಲಾರಿ ಲೋಡು. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಹಳೇ ಓಮ್ನಿಯಲ್ಲಿ ಕಬ್ಬಿಣದ ಸಲಾಕಿ ಹಾಕಿಕೊಂಡು ಬಾದಾಮಿಯಿಂದ ಇಳಕಲ್ಲಿನವರೆಗೆ ತಿರುಗುತ್ತಾಳೆ. ಕೆಲಸ ಇಷ್ಟೇ: ಮೊನಚು ತುದಿಯ ಸಲಾಕಿಯನ್ನು ನೆಲಕ್ಕೆ ನಿಲ್ಲಿಸಿ ಅದರ ಮೇಲೆ ಭಾರದ ಗುಂಡು ಎತ್ತೆತ್ತಿ ಬಿಡುವುದು, ಏಟಿಗೆ ಎಷ್ಟು ಇಳಿಯಿತೆಂದು ನೋಡಿ ನೆಲ ಗಟ್ಟಿಯೋ ಮೆತ್ತಗೋ ಹೇಳುವುದು.

ಹುನಗುಂದದ ಸಿಮೆಂಟ್ ವ್ಯಾಪಾರಿ ಶಂಕರಲಿಂಗನಿಗೆ ಇದೇ ಹೊಟ್ಟೆಕಿಚ್ಚು. ಮೊದಲೆಲ್ಲ ಮನೆ ಕಟ್ಟುವವರು ಅವನ ಅಂಗಡಿ ಕಟ್ಟೆಗೆ ಬಂದು, ಚಹಾ ಕುಡಿದು, "ಬುನಾದಿ ಎಷ್ಟ ಆಳ ತಗೀಬೇಕ್ರಿ ಸಾವಕಾರ್ರ?" ಎಂದು ಕೇಳುತ್ತಿದ್ದರು. ಅವನು ಚಿಟಿಕೆ ಮಣ್ಣು ತಿಕ್ಕಿ ನೋಡಿ ಹೇಳಿದ್ದೇ ಆಖೈರು. ಈಗ ಚಹಾ ಇವನದು, ಪ್ರಶ್ನೆ ಅವಳಿಗೆ. ಮನೆ ಕಟ್ಟುವ ಗೌಂಡಿ ರಿಜ್ವಾನನೂ, "ಮೇಡಂ ಬಡದ ನೋಡ್ಲಿ, ಆಮ್ಯಾಲೆ ಮಾತಾಡೂಣು" ಅನ್ನತೊಡಗಿದ.

ಹೀಗಿರುವಾಗ ಶಂಕರಲಿಂಗ ತನ್ನದೇ ಗೋದಾಮು ಕಟ್ಟಲು ಹೊರಟ. ನೆಲ ಪರೀಕ್ಷೆ ಮಾಡಿಸದೆ ನಕ್ಷೆಗೆ ಸಹಿ ಹಾಕುವುದಿಲ್ಲ ಅಂದ ಇಂಜಿನಿಯರು. ಗತಿಯಿಲ್ಲದೆ ಶಂಕರಲಿಂಗ ಅವಳನ್ನೇ ಕರೆಸಿದ. ಜೊತೆಗೆ ಗೌಂಡಿಗಳನ್ನೂ ಓಣಿಯವರನ್ನೂ ಕೂಡಿಸಿದ. ಅವಳ ಸಲಾಕಿ ಮಂದಿಯ ಎದುರು ಸೋಲಬೇಕಿತ್ತು, ಅವನ ಕಟ್ಟೆಗೆ ಮೊದಲಿನ ಬೆಲೆ ಬರಬೇಕಿತ್ತು.

ಅವಳು ಮೂಲೆಗಳಿಗೆ ಸುಣ್ಣದ ಗುರುತು ಹಾಕುತ್ತಿದ್ದಳು.

"ಮೂಲಿ ಬಿಡ ತಂಗಿ, ಇಲ್ಲೆ ಹೊಡಿ." ನಟ್ಟನಡುವೆ ಶಂಕರಲಿಂಗ ಕಾಲು ಒತ್ತಿ ತೋರಿಸಿದ. "ಲಾರಿ ನಿಂತ ನಿಂತ ಕಲ್ಲ ಆಗೇತಿ. ನಿನ್ನ ಸಲಾಕಿ ಬಾಗೀತು, ಜ್ವಾಕಿ."

"ಬಾಗಿದ್ರ ಹೊಸಾದು ನೀವ ಕೊಡಸ್ರಿ, ಸಾವಕಾರ್ರ."

ಮೊದಲ ಏಟುಗಳಿಗೆ ಸಲಾಕಿ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಶಂಕರಲಿಂಗ ಮಂದಿಯ ಕಡೆ ತಿರುಗಿ ನಕ್ಕ. ನಗು ಮುಗಿಯುವುದರೊಳಗೆ, ಜೋಳದ ರಾಶಿಯಲ್ಲಿ ಕೈ ಹೋದಂತೆ ಸಲಾಕಿ ಸರ್ರನೆ ಒಳಗೆ ಹೋಯಿತು. ಅಗೆಸಿದರೆ, ಮೇಲೆ ಹಾಸಿದ ಗರಸುಮಣ್ಣಿನ ಕೆಳಗೆ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲಗುಂಡಿ, ಹಗೇವು! ಯಾರೋ ಬೂದಿ, ಕಸ ಸುರಿದು ಮುಚ್ಚಿದ್ದರು. ಗೋದಾಮಿನ ನಡುಗಂಬ ನಿಲ್ಲಬೇಕಾದದ್ದು ಅಲ್ಲೇ.

"ಕಲ್ಲ ಆಗೇತಿ ಅಂದಿದ್ರಲ್ರಿ?" ರಿಜ್ವಾನ ಹಲ್ಲು ಕಿರಿದ.

ಶಂಕರಲಿಂಗ ಮೆಲ್ಲಗೆ ಅಂಗಡಿಯ ಕಡೆ ತಿರುಗಿದ. ಅಷ್ಟರಲ್ಲಿ ಗೀತಾಂಜಲಿ ಬಾಯಿ ಹಾಕಿದಳು: "ಕಲ್ಲ ಅಂದದ್ದು ಸಾವಕಾರ್ರ ಚ್ಯಾಷ್ಟಿ, ತಿಳೀಲಿಲ್ಲೇನು? ನಾ ಮೂಲಿ ಅಷ್ಟ ನೋಡಿ ಹೋಗ್ತಿದ್ದೆ. ಇಲ್ಲೆ ಹೊಡಿ ಅಂತ ಕಾಲಿಟ್ಟ ತೋರಿಸಿದವ್ರ್ಯಾರು?"

ಮಂದಿ ಹೌದೆಂದಿತು, ಹಗೇವಿನ ಸುಳಿವು ಸಾವಕಾರನಿಗೆ ಮೊದಲೇ ಇತ್ತೆಂದು ನಂಬಿತು. ಮರುದಿನದಿಂದ ಕಟ್ಟೆಗೆ ಗಿರಾಕಿಗಳು ಮತ್ತೆ ಬರತೊಡಗಿದರು. ಬಂದವರಿಗೆಲ್ಲ ಅವನು ಅವಳ ಫೋನ್ ನಂಬರ್ ಕೊಡುತ್ತಾನೆ, ತಾನೇ ಜಾಗ ತೋರಿಸಿ ಅವಳಿಂದ ಬಡಿಸಿದವನೆಂದು ಹೆಸರಾದ ಮೇಲೆ ಕೊಡದೆ ವಿಧಿಯಿಲ್ಲ. ಒಂದು ಮಾತು ಚೆಲ್ಲಿ, ಪಗಾರವಿಲ್ಲದ ಏಜೆಂಟನನ್ನು ಹಿಡಿದುಕೊಂಡಳಲ್ಲ! ನೆಲ ಓದಿದ್ದನ್ನಾದರೂ ಸಹಿಸಿಯಾನು, ವ್ಯಾಪಾರದಲ್ಲೂ ತನ್ನನ್ನು ಮೀರಿಸಿದ್ದು ಅವನಿಗೆ ಇಂದಿಗೂ ಉರಿ.

ಆದರೂ ಖರೆ ಹೇಳಬೇಕು: ಗೋದಾಮು ಬಿರುಕಿಲ್ಲದೆ ನಿಂತದ್ದಕ್ಕೂ, ಊರಲ್ಲಿ ಮಾತು ಉಳಿದದ್ದಕ್ಕೂ ಶಂಕರಲಿಂಗ ಗೀತಾಂಜಲಿಗೆ ಋಣಿ.