ಒಂದೂವರೆಯ ಚುಕ್ಕೆ

ಶಾಲಾ ಪುಸ್ತಕಗಳನ್ನು ಅಚ್ಚು ಹಾಕುವ ಆ ಮುದ್ರಣಾಲಯದಲ್ಲಿ ಅವನನ್ನು ಗೆರೆಯಣ್ಣ ಎನ್ನದೆ ಬೇರೆ ಹೆಸರಿನಿಂದ ಕರೆದವರಿಲ್ಲ. ಮೂವತ್ತೊಂದು ವರ್ಷಗಳಿಂದ ಗಣಿತದ ನಕ್ಷೆಗಳೆಲ್ಲ ಅವನ ಕೈಯವೇ. ವರ್ಗ ಸಮೀಕರಣವನ್ನು ಅವನು ಎಂದೂ ಬಿಡಿಸಿದವನಲ್ಲ. xಗೆ ಒಂದೊಂದೇ ಬೆಲೆ ಕೊಟ್ಟು, ಬಂದ ಉತ್ತರವನ್ನು ಚುಕ್ಕೆಯಾಗಿಟ್ಟು, ಬಗ್ಗಿಸಿದಂತೆ ನಿಲ್ಲುವ ಸೀಸದ ಪಟ್ಟಿಯನ್ನು ಹೊಂದಿಸಿ ಗೆರೆ ಎಳೆಯುತ್ತಿದ್ದ. ಆ ಗೆರೆ x-ಅಕ್ಷವನ್ನು ಎಲ್ಲಿ ದಾಟಿತೆಂಬುದನ್ನು ಕಣ್ಣಳತೆಯಲ್ಲೇ ಓದಿ ಅಂಚಿನಲ್ಲಿ ಬರೆಯುತ್ತಿದ್ದ. ಕರಡು ತಿದ್ದುವಾಕೆ ಸೂತ್ರ ಹಾಕಿ ನೋಡಿದರೆ ಅದೇ ಉತ್ತರ.

ಈಚೆಗೆ ಕಣ್ಣಿಗೆ ಪೊರೆ ಬಂದಿತ್ತು. ಅರ್ಧರ್ಧಕ್ಕೆ ಇಡುತ್ತಿದ್ದ ಚುಕ್ಕೆಗಳನ್ನು ಅವನು ಯಾರಿಗೂ ಹೇಳದೆ ಕೈಬಿಟ್ಟಿದ್ದ. ಪೂರ್ಣಸಂಖ್ಯೆಗಳಷ್ಟೇ ಸಾಕು, ಮಿಕ್ಕಿದ್ದನ್ನು ಪಟ್ಟಿಯೇ ನೋಡಿಕೊಳ್ಳುತ್ತದೆ. ಸಾಲದ್ದಕ್ಕೆ ಮ್ಯಾನೇಜರರ ಮಾತು ಬೇರೆ: “ಕಂಪ್ಯೂಟರ್ ಬಂದಿದೆ, ಗೆರೆಯಣ್ಣ. ಈ ಪುಸ್ತಕ ತಪ್ಪಿಲ್ಲದೆ ಹೋದ್ರೆ ನಿಮ್ಮ ಮೇಜು ಉಳಿಯುತ್ತೆ. ಇಲ್ಲಾಂದ್ರೆ ನನ್ನ ಕೈಲೇನೂ ಇಲ್ಲ.”

ಆ ಮಧ್ಯಾಹ್ನ ಕರಡು ತಿದ್ದುವಾಕೆ ಹಾಳೆಯೊಂದನ್ನು ಹಿಡಿದು ಬಂದಳು.

“ಅಣ್ಣಾ, ನಿಮ್ಮ ಬೋಗುಣಿ ನೀರು ಮುಟ್ಟೋಕೆ ಮುಂಚೇನೇ ಮೇಲೆದ್ದುಬಿಟ್ಟಿದೆಯಲ್ಲ!”

ಅವರಿಬ್ಬರ ಮಾತಿನಲ್ಲಿ ಬಾಗಿದ ಗೆರೆಯೆಂದರೆ ಬೋಗುಣಿ, x-ಅಕ್ಷವೆಂದರೆ ನೀರು. ಹಾಳೆಯಲ್ಲಿದ್ದುದು y = 16x² − 48x + 35. ಅಂಚಿನಲ್ಲಿ ಅವನದೇ ಅಕ್ಷರ: ಅಕ್ಷವನ್ನು ದಾಟುವುದಿಲ್ಲ.

“ಎಲ್ಲಿ ದಾಟುತ್ತೆ ತಾಯಿ? x ಒಂದಾದ್ರೂ ಮೂರು, ಎರಡಾದ್ರೂ ಮೂರು. ಎರಡೂ ಚುಕ್ಕೆ ಮೇಲೇ ಇವೆ. ನಡುವೆ ಏನು ಪಾತಾಳ ಇರುತ್ತಾ?”

“ಒಂದೂವರೆ ಹಾಕಿ ನೋಡಿ.”

ಹಾಕಿದ. ಮೂವತ್ತಾರರಲ್ಲಿ ಎಪ್ಪತ್ತೆರಡು ಕಳೆದು ಮೂವತ್ತೈದು ಕೂಡಿದ. ಮೈನಸ್ ಒಂದು. ಪೆನ್ಸಿಲು ಅಲ್ಲೇ ನಿಂತಿತು. ಅವನು ಚುಕ್ಕೆ ಇಡದ ಆ ಗೇಣಗಲದ ಜಾಗದಲ್ಲಿ ಗೆರೆ ಒಂದೂಕಾಲಿಗೆ ಅಕ್ಷವನ್ನು ದಾಟಿ ಇಳಿದು, ಒಂದೂಮುಕ್ಕಾಲಿಗೆ ಮತ್ತೆ ದಾಟಿ ಮೇಲೆದ್ದಿತ್ತು.

ಆಕೆ ದನಿ ತಗ್ಗಿಸಿದಳು. “ನಾನೇ ತಿದ್ದಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಮಿಕ್ಕ ನಲವತ್ತು ನಕ್ಷೆ ನೋಡಿದೀಯಾ?”

ಆಕೆ ಮುಖ ತಗ್ಗಿಸಿದಳು. “ಬೆಳಿಗ್ಗೇನೇ ಅಚ್ಚಿಗೆ ಹೋದ್ವು. ಗೆರೆಯಣ್ಣನದು ತಾನೇ, ನೋಡೋದೇನಿದೆ ಅಂದ್ರು ಸಾಹೇಬ್ರು.”

ಅವುಗಳಲ್ಲಿ ಒಂದರಲ್ಲಿಯೂ ಅರ್ಧದ ಚುಕ್ಕೆಯಿಲ್ಲವೆಂಬುದು ಅವನಿಗೊಬ್ಬನಿಗೇ ಗೊತ್ತು. ಅಚ್ಚು ನಿಲ್ಲಿಸಬೇಕೆಂದರೆ ಬಾಯಿಬಿಡಬೇಕು. ಬಾಯಿಬಿಟ್ಟರೆ ಮೇಜು ಹೋಯಿತು. ಕನ್ನಡಕವನ್ನು ಎರಡು ಸಲ ಒರೆಸಿ, ಹಾಳೆಯನ್ನು ತೆಗೆದುಕೊಂಡು ಮ್ಯಾನೇಜರರ ಕೋಣೆಗೆ ನಡೆದ.

ಅವರು ರೇಗಲಿಲ್ಲ. ರೇಗಿದ್ದರೆ ಎಷ್ಟೋ ವಾಸಿಯಿತ್ತು. ಅಚ್ಚು ನಿಂತಿತು. ಎರಡು ದಿನ ಕೂತು, ನೀರು ಸುರಿಯುವ ಕಣ್ಣಲ್ಲೇ ನಲವತ್ತು ನಕ್ಷೆಗಳಿಗೂ ಅರ್ಧದ ಚುಕ್ಕೆಗಳನ್ನಿಟ್ಟ. ಪ್ರತಿಯೊಂದು ಚುಕ್ಕೆಯೂ ಮೊದಲೇ ಎಳೆದ ಗೆರೆಯ ಮೇಲೆಯೇ ಕೂತಿತು. ನಲವತ್ತೂ ಸರಿಯಿದ್ದವು. ತಪ್ಪಿದ್ದು ಅದೊಂದೇ.

ಮೂರನೆಯ ದಿನ ಇಬ್ಬರು ಆಳುಗಳು ಬಂದು ಮೇಜನ್ನು ಎತ್ತಿಕೊಂಡು ಹೋದರು. ಸೀಸದ ಪಟ್ಟಿಯೊಂದು ಗೆರೆಯಣ್ಣನ ಕೈಯಲ್ಲಿ ಉಳಿಯಿತು. ಕೊನೆಯ ನಕ್ಷೆಗೆ ಬಗ್ಗಿದಂತೆಯೇ ಇತ್ತು. ನೆಟ್ಟಗೆ ಮಾಡಲು ಹೋಗಿ ಕೈಬಿಟ್ಟ. ಹಾಗೆಯೇ ಚೀಲಕ್ಕೆ ಹಾಕಿಕೊಂಡ.