ಬೆನ್ನಿಗೆ ಹಾಕಿಕೊಂಡ ತಾಳಿ

ಅಜ್ಮತುನ್ನೀಸಾಳ ಬಾಯಿ ಜೋರು ಎಂದು ಎಚ್.ಡಿ. ಕೋಟೆಯ ಅರ್ಧ ಊರು ಹೇಳುತ್ತದೆ. ಹೇಳಲಿ ಬಿಡಿ. ಎಕ್ಸ್‌ರೇ ಕೋಣೆಯಲ್ಲಿ ಮೆತ್ತಗೆ ಮಾತಾಡಿದರೆ ಕೇಳುವವರು ಯಾರು? ಜಡೆ ಎತ್ತಿ ಕಟ್ಟಮ್ಮ ಎಂದರೆ, ಜಡೆಗೂ ಕೆಮ್ಮಿಗೂ ಏನು ಸಂಬಂಧ ಎಂದು ಅವಳನ್ನೇ ಕೇಳುತ್ತಾರೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಹೆಗಲ ಮೇಲೆ ಬಿದ್ದಿದ್ದರೆ ಚಿತ್ರದಲ್ಲಿ ಶ್ವಾಸಕೋಶದ ಕಲೆಯಂತೆಯೇ ಕಾಣುತ್ತದೆ, ಅದು ಅವರಿಗೆ ಬೇಡ. ಉಸಿರು ಹಿಡಿದುಕೊಳ್ಳಿ ಎಂದರೆ, ಸರಿಯಾಗಿ ಗುಂಡಿ ಒತ್ತುವ ಹೊತ್ತಿಗೆ "ಹಿಡ್ಕಂಡೆ ಕಣವ್ವ" ಎಂದು ಉತ್ತರ ಕೊಡುತ್ತಾರೆ! ಚಿತ್ರ ಅಲುಗಿ ಮಸುಕಾಯಿತು, ಕಥೆ ಮುಗಿಯಿತು.

ಹುಣಸೂರಿನ ಬಡಗಿ ಜಾನ್ ಪಾಷಾನ ಮಗಳು ಅವಳು. ಓರೆಯಾಗಿ ಹೊಡೆದ ಮೊಳೆಯ ಮೇಲೆ ಮೇಣ ಮೆತ್ತಿ ಬಣ್ಣ ಬಳಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಿತ್ತು ಹೊಸದಾಗಿ ಹೊಡಿ ಎನ್ನುತ್ತಿದ್ದ. ಆ ಉರಿ ಮಗಳಿಗೂ ಬಂತು. ಎಕ್ಸ್‌ರೇ ತೆಗೆಯುವ ಕೋರ್ಸು ಮುಗಿಸಿ ಕೋಟೆಯ ಒಂದು ಖಾಸಗಿ ಎಕ್ಸ್‌ರೇ ಸೆಂಟರಿಗೆ ಸೇರಿದವಳು, ದಿನಾ ಬಸ್ಸಿಳಿದು ಬಂದವಳೇ ಮೊದಲು ಕಿರಣ ಬೀಳುವ ಪ್ಲೇಟು ಒರೆಸುತ್ತಾಳೆ. ಅದರ ಮೇಲೆ ಒಂದು ಧೂಳಿನ ಕಣ ಕೂತರೂ ಚಿತ್ರದಲ್ಲಿ ಬಿಳಿ ಚುಕ್ಕೆ ಏಳುತ್ತದೆ. ಒರೆಸುವ ಬಟ್ಟೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಮುಟ್ಟಿದವರಿಗೆ ಅವತ್ತು ಮಂಗಳಾರತಿ.

ಕಳೆದ ವರ್ಷ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕಾಲದಲ್ಲಿ ಅಂತರಸಂತೆಯಿಂದ ಚೆಲುವಮ್ಮ ಬಂದಳು. ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ದಳು. ಸಂಜೆಯಾದರೆ ಜ್ವರ. ಜೊತೆಗೆ ಬಂದಿದ್ದ ಅತ್ತೆ ದೊಡ್ಡತಾಯಮ್ಮ ಎಲ್ಲಕ್ಕೂ ಸೊಪ್ಪಿನ ಹೊಗೆಯೇ ಕಾರಣ ಎಂದು ಹೇಳಿ ಹೊರಗಿನ ಬೆಂಚಿನಲ್ಲಿ ಕೂತಳು. ಡಾಕ್ಟರಿಗೆ ಮಾತ್ರ ಬೇರೆಯೇ ಅನುಮಾನವಿತ್ತು, ಎದೆಯ ಚಿತ್ರ ಬೇಕೆಂದಿದ್ದರು.

"ತಾಳಿ ತೆಗ್ದಿದ್ದೀಯಾ?" ಎಂದು ಅಜ್ಮತುನ್ನೀಸಾ ಕೇಳಿದಳು.

"ಊಂ ಅಕ್ಕ."

ಪರದೆಯ ಮೇಲೆ ಚಿತ್ರ ಮೂಡಿತು. ಕೊರಳೆಲುಬಿನ ಕೆಳಗೆ ತಾಳಿಯ ಗುಂಡುಗಳು, ಅದಕ್ಕೆ ಸಿಕ್ಕಿಸಿದ ಪಿನ್ನುಗಳ ಗೊಂಚಲು, ಎಲ್ಲ ಬೆಳ್ಳಗೆ ಮಿರಮಿರ ಮಿಂಚುತ್ತಿವೆ!

"ತೆಗ್ದಿದ್ದೀನಿ ಅಂದ್ಯಲ್ಲ, ಇದೇನಿದು?"

"ಬೆನ್ಗೆ ಹಾಕ್ಕಂಡಿವ್ನಿ ಅಕ್ಕ. ಬೆನ್ಗೆ ಹಾಕ್ಕಂಡ್ರೆ ಮುಂದ್ಕೆ ಕಾಣಾಕಿಲ್ಲ ಅಂತ ಅತ್ತೆ ಏಳಿದ್ರು."

"ಯಾ ಅಲ್ಲಾ! ಇದೇನು ಮದ್ವೆ ಫೋಟೋನಾ? ಕಿರಣ ಎದೆ ಬೆನ್ನು ಎರಡೂ ತೂರ್ಕೊಂಡು ಹೋಗುತ್ತೆ ಕಣವ್ವ. ಹಿಂದಿದ್ರೂ ಕಾಣುತ್ತೆ, ಮುಂದಿದ್ರೂ ಕಾಣುತ್ತೆ."

ಗಲಾಟೆ ಕೇಳಿ ದೊಡ್ಡತಾಯಮ್ಮ ಒಳಗೇ ನುಗ್ಗಿದಳು. "ತಗ್ಯಾಕಿಲ್ಲ ಕಣ್ ಬೂಬಮ್ಮ. ತಾಳಿ ತಗ್ಯಾದು ಒಂದೇ ದಪ. ನಾನು ಗಂಡನ್ನ ಕಳ್ಕಂಡು ತಗ್ದೋಳು, ನಂಗೊತ್ತು. ನನ್ ಮಗ ಮಲ್ಲೇಶ ಕಾಡು ಕಾಯೋನು, ದಿನಾ ಆನೆ ಮಧ್ಯ ತಿರುಗ್ತಾನೆ." ಮುದುಕಿ ಸೊಸೆಗೆ ಅಡ್ಡವಾಗಿ ನಿಂತಳು.

ಅವಳ ಹಿಂದೆಯೇ ಸೆಂಟರಿನ ಯಜಮಾನ ಕೃಷ್ಣಕುಮಾರ್ ತಲೆ ಹಾಕಿದ. "ಹೊರಗೆ ಜನ ಕಾಯ್ತಾವ್ರೆ ಮೇಡಂ. ಆ ಗುಂಡುಗಳನ್ನ ಕಂಪ್ಯೂಟರಲ್ಲೇ ಅಳಿಸಿ ಕಳ್ಸಿಬಿಡಿ."

"ಗುಂಡು ಅಳಿಸ್ಬೋದು ಸಾರ್. ಅದರ ಹಿಂದೆ ಏನಿದೆ ಅಂತ ಕಂಪ್ಯೂಟರಿಗೆ ಗೊತ್ತಾ? ಅಳಿಸಿದ ಜಾಗಕ್ಕೆ ಅದು ಸುಳ್ಳು ತುಂಬುತ್ತೆ. ಆ ಸುಳ್ಳಿಗೆ ನಾನು ಕೈ ಹಾಕಲ್ಲ."

"ಕಳ್ಸಿ ಅಂದ್ರೆ ಕಳ್ಸಿ. ಇಲ್ಲಾಂದ್ರೆ ನಾಳೆಯಿಂದ ಬೇರೆಯವ್ರು ಬರ್ತಾರೆ."

"ಬರ್ಲಿ. ಇವತ್ತು ನಾನಿದೀನಲ್ಲ," ಎಂದವಳೇ ಅವನ ಕಣ್ಣೆದುರೇ ಆ ಚಿತ್ರವನ್ನು ತಿರಸ್ಕರಿಸುವ ಗುಂಡಿ ಒತ್ತಿದಳು. ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ಹೋಗಲಿ!

ಆಮೇಲೆ ಅವಳು ಡ್ರಾಯರಿನಿಂದ ಹಳದಿ ದಾರಕ್ಕೆ ಕಟ್ಟಿದ ಅರಿಸಿನದ ಕೊಂಬು ತೆಗೆದಳು. ತಾಳಿ ಹರಿದರೆ ಈ ಕಡೆಯ ಹೆಂಗಸರು ಕೊರಳು ಬರಿದಾಗದಂತೆ ಕೊಂಬು ಕಟ್ಟಿಕೊಳ್ಳುವುದನ್ನು ನೋಡಿ, ತಾನೇ ಸಂತೆಯಲ್ಲಿ ಕೊಂಡು ತಂದಿಟ್ಟಿದ್ದಳು. ಮೊದಮೊದಲು ಕೊರಳಿಗೇ ಕಟ್ಟಿಸುತ್ತಿದ್ದಳು. ಒಮ್ಮೆ ಆ ಕೊಂಬೇ ಎದೆಯ ಮೇಲೆ ಬೆರಳಿನಂತೆ ತೆಳ್ಳಗೆ ಮೂಡಿ ನಗೆಪಾಟಲಾಯಿತು. ಅಂದಿನಿಂದ ಮಣಿಕಟ್ಟಿಗೆ. ಕೈ ಸೊಂಟದ ಮೇಲಿರುತ್ತದೆ, ಎದೆಗೆ ನೆರಳು ಬೀಳದು.

"ಮದ್ವೇಲಿ ಕಂಕಣ ಕಟ್ತೀರಲ್ಲ ಅಜ್ಜಿ, ಹಂಗೇ ಇದು."

"ಸಾಬರೋಳು ನಮ್ಗೆ ಶಾಸ್ತ್ರ ಏಳ್ಕೊಡ್ತಾಳೆ ನೋಡು!"

"ಹೇಳ್ತೀನಿ. ನಿಮ್ ಸೊಸೆ ಉಳೀಬೇಕೋ ಬೇಡ್ವೋ, ನೀವು ಹೇಳಿ."

ದೊಡ್ಡತಾಯಮ್ಮ ಬಾಯಿ ತೆರೆಯುವಷ್ಟರಲ್ಲಿ ಚೆಲುವಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಗೋಡೆ ಹಿಡಿದು ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಸುಧಾರಿಸಿಕೊಂಡು ಅತ್ತೆಯ ಮುಖವನ್ನೇ ನೋಡಿದಳು. ಮದುವೆಯಾದಾಗಿನಿಂದ ಹಾಗೆ ನೋಡಿದವಳಲ್ಲ.

"ತಾಳಿ ಇರಾದು ನಿಮ್ ಮಗನ ಆಯಸ್ಸಿಗೆ ಅಂತೀರಲ್ಲ ಅತ್ತೆ. ನನ್ ಆಯಸ್ಸಿಗೆ ಏನ್ ಕಟ್ಟಿದ್ದೀರಿ?"

ಅಷ್ಟಂದವಳೇ ಸರವನ್ನು ತಲೆಯ ಮೇಲಿಂದ ತೆಗೆದು, ಕಣ್ಣಿಗೊತ್ತಿಕೊಂಡು, ಅತ್ತೆಯ ಕೈಗಿಟ್ಟಳು. ಹಲ್ಲಿನಿಂದ ದಾರ ಬಿಗಿದು ಕೊಂಬನ್ನು ಮಣಿಕಟ್ಟಿಗೆ ತಾನೇ ಕಟ್ಟಿಕೊಂಡಳು. ಅಜ್ಮತುನ್ನೀಸಾ ಈ ಸಲ ಯಾರ ಮಾತನ್ನೂ ನಂಬದೆ ಕೊರಳು, ಬೆನ್ನು ಎಲ್ಲ ಕೈಯಿಟ್ಟು ನೋಡಿ ಗುಂಡಿ ಒತ್ತಿದಳು.

ಚಿತ್ರ ಶುಭ್ರವಾಗಿ ಬಂತು. ಗುಂಡುಗಳು ಹೊಳೆಯುತ್ತಿದ್ದ ಜಾಗದಲ್ಲೇ ಮೋಡದಂಥ ಒಂದು ಕಲೆ ಕೂತಿತ್ತು. ಅಜ್ಮತುನ್ನೀಸಾ ಪರದೆಗೆ ಬಗ್ಗಿ ನೋಡಿದಳು. ಆದರೆ ಕಾಯಿಲೆ ಏನೆಂದು ಹೇಳುವುದು ಡಾಕ್ಟರ ಕೆಲಸ, ಬಾಯಿ ಮುಚ್ಚಿಕೊಂಡು ಚಿತ್ರ ಕಳಿಸಿದಳು. ಕಫ ಪರೀಕ್ಷೆಯಾಗಿ ಕ್ಷಯ ಎಂದು ಗೊತ್ತಾಯಿತು. ಮಾತ್ರೆ ತಪ್ಪಿಸದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ, ಮನೆಯವರೆಲ್ಲ ಎದೆ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ಕೃಷ್ಣಕುಮಾರ್ ಹೇಳಿದ್ದ ಆ ಬೇರೆಯವರು ಇವತ್ತಿನವರೆಗೂ ಬಂದಿಲ್ಲ.

ಕ್ಷಯ ಎಂದು ತಿಳಿದ ಮುಂದಿನ ವಾರ ಮಲ್ಲೇಶ ಎದೆ ಪರೀಕ್ಷೆಗೆ ತಾಯಿಯನ್ನು ಕರೆದುಕೊಂಡು ಬಂದ. ಅವನದು ಮುಗಿದ ಮೇಲೆ ದೊಡ್ಡತಾಯಮ್ಮ ಒಳಗೆ ಬಂದು ಪ್ಲೇಟಿನ ಮುಂದೆ ನಿಂತಳು. ಅಜ್ಮತುನ್ನೀಸಾ ಎಲ್ಲರನ್ನೂ ಕೇಳುವಂತೆಯೇ ಕೇಳಿಬಿಟ್ಟಳು.

"ಕೊರಳಲ್ಲಿ ಏನಾದ್ರೂ ಇದ್ರೆ ತೆಗೀಲಾ ಅಜ್ಜಿ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮುದುಕಿ ತಿರುಗಿ ಅವಳನ್ನು ನೆಟ್ಟಗೆ ನೋಡಿದಳು.

"ಗಂಡ ಹೋದ್ ದಿನ ನನ್ ತಾಳಿ ಕಿತ್ತಾಗ, ತಗೀಲಾ ಅಂತ ಒಬ್ರೂ ಕೇಳ್ನಿಲ್ಲ ಕಣವ್ವ," ಎಂದಳು. "ನೀನೊಬ್ಳು ಕೇಳ್ದೆ."