ನೆಲಕ್ಕೆ ಕೂತು ಆಡಿದ ವಾಲಿಬಾಲ್

ಕಳೆದ ವಾರ ನಮ್ಮ ಶಾಲೆಯ ಟೀಚರೊಬ್ಬರ ಕೂಸನ್ನು ನೋಡಲು ಹೋಗಿದ್ದೆ. ಆಗಷ್ಟೇ ಎರೆದ ಕೂಸಿಗೆ ಅಜ್ಜಿ ಪೌಡರ್ ಹಚ್ಚುತ್ತಿದ್ದರು. ಆ ವಾಸನೆಗೆ ಎಲ್ಲರಿಗೂ ಮುದ್ದು ಉಕ್ಕಿದರೆ, ನನಗೆ ಮಾತ್ರ ಅಲ್ಲಿ ಕೂರಲಾಗಲಿಲ್ಲ. ನೀರು ಕೇಳಿ ಕುಡಿದು ಎದ್ದು ಬಂದೆ... ನನ್ನ ಪಾಲಿಗೆ ಅದು ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ದೊಡ್ಡಪ್ಪನ ವಾಸನೆ.

ಸಂಬಂಧದಲ್ಲಿ ದೊಡ್ಡಪ್ಪನಲ್ಲ, ಹಾಗೆ ಕರೆಯುತ್ತಿದ್ದೆ ಅಷ್ಟೆ. ಮಿಲಿಟರಿಯಲ್ಲಿ ಸುಬೇದಾರರಾಗಿದ್ದವರು. ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು, ಮೋಟುಗಾಲಿಗೆ ಅದೇ ಕೂಸಿನ ಪೌಡರ್ ಹಚ್ಚಿ, ಕಾಲುಚೀಲ ಏರಿಸಿ, ಕೃತಕ ಕಾಲು ತೊಡುತ್ತಿದ್ದರು. ಅದರಲ್ಲಿ ಮುಚ್ಚುಮರೆ ಇರಲಿಲ್ಲ.

ನಾನು ಆ ಬೀದಿಗೆ ಬಂದದ್ದು ನನ್ನ ಗಂಡ ತೀರಿಕೊಂಡ ವರ್ಷ. ಅವರೂ ಸೈನಿಕರು. ಬೆಟ್ಟದ ಮೇಲೆ ಕಾವಲಿಗಿದ್ದಾಗ ಹಿಮ ಕುಸಿದು... ಮಲೆಬೆನ್ನೂರಿನ ಅತ್ತೆ ಮನೆಯಲ್ಲಿ ಇರಲಾರದೆ ಅವ್ವನ ಬಾಡಿಗೆ ಮನೆಗೆ ಬಂದು ಕೋಣೆ ಸೇರಿದೆ. ಊಟ ಬೇಡ, ಮಾತು ಬೇಡ. ಸಮಾಧಾನ ಹೇಳಲು ಬಂದವರ ಮುಖ ನೋಡುವುದೇ ಹಿಂಸೆಯಾಗುತ್ತಿತ್ತು.

ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ದೊಡ್ಡಪ್ಪ ನೆಟ್ ಕಟ್ಟುತ್ತಿದ್ದರು, ಎದೆಮಟ್ಟಕ್ಕಿಂತ ಕೆಳಗೆ. ಆರೇಳು ಮಂದಿ ನಿವೃತ್ತ ಸೈನಿಕರು, ಒಂದಿಬ್ಬರ ಹೆಂಡತಿಯರು, ಎಲ್ಲರೂ ನೆಲಕ್ಕೆ ಕೂತು ವಾಲಿಬಾಲ್ ಆಡುತ್ತಿದ್ದರು. ಎರಡೂ ಕಾಲಿದ್ದವರೂ ಕೂತೇ ಆಡಬೇಕು. ಮಿಲಿಟರಿ ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ತನ್ನನ್ನು ಎಬ್ಬಿಸಿದ್ದೇ ಈ ಆಟ ಎನ್ನುತ್ತಿದ್ದರು ದೊಡ್ಡಪ್ಪ. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುತ್ತಿದ್ದ ಲೋಕಿಕೆರೆಯ ಮಾಜಿ ಸೈನಿಕರೊಬ್ಬರು ಅಲ್ಲಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನಾನು ಕಿಟಕಿಯಿಂದ ನೋಡಿದ್ದೆ.

ಒಂದು ಭಾನುವಾರ ಚೆಂಡು ನಮ್ಮ ಅಂಗಳಕ್ಕೆ ಬಿತ್ತು. ಕೊಡಲು ಹೋದೆ.

“ಕೂಡ್ರವ್ವ. ಒಬ್ರು ಕಮ್ಮಿ ಆಗ್ಯಾರೆ,” ಎಂದರು ದೊಡ್ಡಪ್ಪ.

“ನನಗೆ ಬರಲ್ಲ ದೊಡ್ಡಪ್ಪ.”

“ಇಲ್ಲಿ ಯಾರಿಗೆ ಬರ್ತೈತೆ? ಕೂಡ್ರು.”

ಕೂತೆ. ಮೊದಲ ಚೆಂಡು ಮುಖಕ್ಕೇ ಬಡಿಯಿತು. ನೋವಿಗೋ ಯಾತಕ್ಕೋ, ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತೆ. ಗಂಡನ ಶವಪೆಟ್ಟಿಗೆ ಬಂದ ದಿನವೂ ಅಷ್ಟು ಅತ್ತಿರಲಿಲ್ಲ. ಅಳು ತಗ್ಗುವವರೆಗೂ ಆಟ ನಿಲ್ಲಿಸಿದರು. ಆಮೇಲೆ ದೊಡ್ಡಪ್ಪ, “ಅಳಬ್ಯಾಡ ಅನ್ನಲ್ಲವ್ವ. ಬಾಲು ಬರೋವಾಗ ಮಾತ್ರ ಕಣ್ಣು ಮುಚ್ಚಬ್ಯಾಡ” ಎಂದು ಚೆಂಡನ್ನು ನನ್ನ ಕೈಗೇ ಕೊಟ್ಟರು.

ಅವತ್ತು ಮನೆಗೆ ಬಂದು ನಾನೇ ಕೇಳಿ ಎರಡು ರೊಟ್ಟಿ ಹಾಕಿಸಿಕೊಂಡೆ. ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಆಮೇಲೆ ಮೂರು ವರ್ಷ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಬಿಟ್ಟಿದ್ದ ಓದು ಮುಗಿಸಿದೆ. ಹರಿಹರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು, ಅವ್ವನನ್ನು ಕರೆದುಕೊಂಡು ಹೋಗಿ ಅಲ್ಲೇ ಮನೆ ಮಾಡಿದೆ.

ಅತ್ತ ಆಟದವರಲ್ಲಿ ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರು ಊರು ಬಿಟ್ಟರು, ಲೋಕಿಕೆರೆಯವರು ತೀರಿಕೊಂಡರು. ದೊಡ್ಡಪ್ಪ ಶನಿವಾರ ಸಂಜೆ ನನಗೆ ಫೋನ್ ಮಾಡುತ್ತಿದ್ದರು.

“ನಾಳೆ ಬರ್ತೀಯೇನವ್ವ? ಮಂದಿ ಸಾಲ್ತಾ ಇಲ್ಲ.”

“ಕೆಲ್ಸ ಐತೆ ದೊಡ್ಡಪ್ಪ, ಮುಂದಿನ ವಾರ ಬರ್ತೀನಿ.”

“ಆತು ಬಿಡವ್ವ, ಕೆಲ್ಸ ನೋಡ್ಕ.”

ಹೀಗೆ ಎಷ್ಟು ಶನಿವಾರಗಳು...

ಒಂದು ಸೋಮವಾರ ಅವರ ಹೆಂಡತಿ ದೊಡ್ಡಮ್ಮನ ಫೋನ್ ಬಂತು. ದೊಡ್ಡಪ್ಪ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ನಾನು ಹೋದಾಗ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, “ನಿನ್ನೆನೂ ನೆಟ್ ಕಟ್ಟಿದ್ರವ್ವ. ಒಬ್ರೂ ಬರ್ಲಿಲ್ಲ. ಬಿಸ್ಲು ಏರೋತನಕ ಚೆಂಡು ಹಿಡ್ಕಂಡು ಒಬ್ರೇ ಕೂತಿದ್ರು. ನಾನೇ ಹೋಗಿ ಎಬ್ಬಿಸ್ಕಂಡು ಬಂದೆ” ಎಂದರು. ನನ್ನನ್ನು ಬೈಯಲು ಹೇಳಿದ ಮಾತಲ್ಲ ಅದು. ಬೈದಿದ್ದರೇ ಚೆನ್ನಾಗಿತ್ತು.

ಈಗ ಆ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದಿದೆ. ದೊಡ್ಡಮ್ಮ ಮಗಳ ಊರಿಗೆ ಹೋಗಿದ್ದಾರೆ. ನಾನು ಹರಿಹರದಲ್ಲೇ ಇದ್ದೇನೆ, ಇಲ್ಲಿಂದ ವಿದ್ಯಾನಗರಕ್ಕೆ ಬಸ್ಸಿನಲ್ಲಿ ಒಂದು ತಾಸೂ ಹಿಡಿಯುವುದಿಲ್ಲ. ಕೊನೆಯ ಸಲ ನನ್ನನ್ನು ಕರೆದು, ಅವರು ಒಬ್ಬರೇ ಚೆಂಡು ಹಿಡಿದು ಕೂತಿದ್ದ ಆ ಭಾನುವಾರ ನನಗೆ ಯಾವ ಕೆಲಸವೂ ಇರಲಿಲ್ಲ. ತಲೆಗೆ ಎರೆದುಕೊಂಡು, ಬಾಗಿಲಲ್ಲಿ ಕೂತು, ಬಿಸಿಲಿಗೆ ಕೂದಲು ಒಣಗಿಸಿಕೊಳ್ಳುತ್ತಿದ್ದೆ. ಇದನ್ನು ಇಂದಿನವರೆಗೂ ಅವ್ವನಿಗೂ ಹೇಳಿಲ್ಲ.